ಜೀವವಿಕಾಸದ ಆಟ ಸಿದ್ಧಾಂತ

ಜೀವಿಗಳ ನಡುವಣ ಪೈಪೋಟಿ, ಕಾದಾಟ, ಸಹಕಾರ, ಮೋಸಗಳನ್ನು ಗಣಿತದ ಆಟಗಳ ರೂಪದಲ್ಲಿ ಬರೆದು, ತಲೆಮಾರುಗಳು ಉರುಳಿದಂತೆ ಯಾವ ನಡವಳಿಕೆ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ಲೆಕ್ಕ ಹಾಕುವ ವಿಜ್ಞಾನ ಶಾಖೆ. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸ್ಪಷ್ಟ ರೂಪ ಪಡೆದ ಇದು ಈಗ ಪ್ರಾಣಿವರ್ತನೆಯ ಅಧ್ಯಯನ, ಸೂಕ್ಷ್ಮಜೀವಿಶಾಸ್ತ್ರ, ಪರಿಸರ ವಿಜ್ಞಾನ, ಕ್ಯಾನ್ಸರ್ ಚಿಕಿತ್ಸೆಯವರೆಗೆ ಹಬ್ಬಿದೆ.

ಹಿಮಕರಡಿಯ ದಪ್ಪ ತುಪ್ಪಳ ಅದನ್ನು ಚಳಿಯಿಂದ ಕಾಪಾಡುತ್ತದೆ. ಪಕ್ಕದ ಕರಡಿಗೆ ತುಪ್ಪಳ ಎಷ್ಟಿದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಕಾಡುಮರದ ಎತ್ತರದ ಕಥೆ ಬೇರೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಗಿಡಕ್ಕೆ ಬಿಸಿಲು ನೆಲದ ಮಟ್ಟದಲ್ಲೇ ಸಿಗುತ್ತದೆ, ಉದ್ದದ ಕಾಂಡ ಅದಕ್ಕೆ ದಂಡದ ಖರ್ಚು. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಾದರೋ ನೆರೆಯ ಮರ ಒಂದು ಮಾರು ಮೇಲೇರಿದರೆ ತಾನೂ ಏರಲೇಬೇಕು, ಇಲ್ಲದಿದ್ದರೆ ನೆರಳಿನಲ್ಲಿ ಸೊರಗಬೇಕು. ಎಲ್ಲ ಮರಗಳೂ ಗಿಡ್ಡಗಿದ್ದಿದ್ದರೆ ಅಷ್ಟೇ ಬಿಸಿಲು ಎಲ್ಲಕ್ಕೂ ಸಿಗುತ್ತಿತ್ತು, ಕಾಂಡಕ್ಕೆ ಸುರಿದ ಸಾರವೆಲ್ಲ ಹೂವು, ಬೀಜಗಳಿಗೆ ಹೋಗುತ್ತಿತ್ತು. ಆದರೆ ಗಿಡ್ಡ ಮರಗಳ ಕಾಡಿನಲ್ಲಿ ಮೊದಲು ತಲೆಯೆತ್ತಿದ ಮರಕ್ಕೇ ಲಾಭ. ಆದ್ದರಿಂದ ಆ ಮಿತವ್ಯಯದ ಕಾಡು ಉಳಿಯಲಾರದು. ಕಾಡಿನ ನೆಲದ ಸಣ್ಣ ಗಿಡಗಳ ಎಲೆಗಳು ಎಷ್ಟು ಎತ್ತರದಲ್ಲಿರುತ್ತವೆ ಎಂಬುದನ್ನು ಥಾಮಸ್ ಗಿವ್ನಿಶ್ 1982ರಲ್ಲಿ ಇದೇ ತರ್ಕದಿಂದ ವಿವರಿಸಿದರು: ಗಿಡಗಳು ದಟ್ಟವಾದಷ್ಟೂ ಎಲೆಗಳು ಮೇಲೇರುತ್ತವೆ.

ಹೀಗೆ ಒಂದು ಗುಣದಿಂದ ಬರುವ ಲಾಭನಷ್ಟ ಸುತ್ತಲಿನವರ ಗುಣವನ್ನು ಅವಲಂಬಿಸಿರುವ ಕಡೆಯಲ್ಲೆಲ್ಲ ಆಟ ಸಿದ್ಧಾಂತಕ್ಕೆ ಕೆಲಸವಿದೆ. ಇಲ್ಲಿ ಯೋಚಿಸಿ ಕಾಯಿ ನಡೆಸುವ ಆಟಗಾರ ಬೇಕಿಲ್ಲ. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ಕಟ್ಟಿದ ಮೂಲ ಆಟ ಸಿದ್ಧಾಂತ ವಿವೇಚನೆಯುಳ್ಳ ಮನುಷ್ಯರಿಗಾಗಿ, ಮುಖ್ಯವಾಗಿ ಅರ್ಥಶಾಸ್ತ್ರಕ್ಕಾಗಿ ಹುಟ್ಟಿದ್ದು. ಜೀವಶಾಸ್ತ್ರದಲ್ಲಿ ತಂತ್ರ ಎಂದರೆ ಹುಟ್ಟಿನಿಂದ ಬಂದ ನಡವಳಿಕೆ. ಪ್ರತಿಫಲ ಎಂದರೆ ಮುಂದಿನ ತಲೆಮಾರಿಗೆ ಉಳಿಸಿಹೋಗುವ ಸಂತಾನದ ಲೆಕ್ಕ. ಆಯ್ಕೆ ಮಾಡುವುದು ನಿಸರ್ಗ. ಬ್ಯಾಕ್ಟೀರಿಯ, ವೈರಸ್ಸು, ಮರಗಳು ಕೂಡ ಈ ಅರ್ಥದಲ್ಲಿ ಆಟಗಾರರೇ. ಲೆಕ್ಕ ಹಾಕಿ ನಡೆಯುವ ಬುದ್ಧಿಯನ್ನು ಮನುಷ್ಯರಲ್ಲಿ ಊಹಿಸಿಕೊಳ್ಳುವುದಕ್ಕಿಂತ ನಿಸರ್ಗದ ಆಯ್ಕೆಯಲ್ಲಿ ಊಹಿಸಿಕೊಳ್ಳುವುದು ಸುಲಭ, ಹಾಗಾಗಿ ಈ ಸಿದ್ಧಾಂತ ತನ್ನ ತವರಿಗಿಂತ ಜೀವಶಾಸ್ತ್ರದಲ್ಲೇ ಹೆಚ್ಚು ಗಟ್ಟಿಯಾಗಿ ನೆಲೆಯೂರಿತು ಎಂದರೆ ತಪ್ಪಾಗಲಾರದು.

ಹಿನ್ನೆಲೆ

ಹೆಸರು ಬರುವ ಮೊದಲೇ ತರ್ಕ ಬಂದಿತ್ತು. ಬಹುಪಾಲು ಪ್ರಾಣಿಗಳಲ್ಲಿ ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಹುಟ್ಟುವುದೇಕೆ ಎಂಬ ಪ್ರಶ್ನೆ ಡಾರ್ವಿನ್ನರನ್ನೇ ಕಾಡಿತ್ತು. 1871ರ ಗ್ರಂಥದಲ್ಲಿ ಕೊಟ್ಟ ವಿವರಣೆಯನ್ನು ಅವರು ಎರಡನೆಯ ಆವೃತ್ತಿಯಲ್ಲಿ ಹಿಂದೆಗೆದುಕೊಂಡು, ಬಗೆಹರಿಸುವುದನ್ನು ಮುಂದಿನವರಿಗೆ ಬಿಟ್ಟರು. 1884ರಲ್ಲಿ ಜರ್ಮನಿಯ ಕಾರ್ಲ್ ಡ್ಯೂಸಿಂಗ್, 1930ರಲ್ಲಿ ರೊನಾಲ್ಡ್ ಫಿಶರ್ ಕೊಟ್ಟ ಉತ್ತರ ಇದು: ಗುಂಪಿನಲ್ಲಿ ಗಂಡುಗಳು ಕಡಿಮೆಯಾದರೆ ಒಂದೊಂದು ಗಂಡಿಗೂ ಸರಾಸರಿ ಹೆಚ್ಚು ಮರಿಗಳು, ಆಗ ಗಂಡುಮಕ್ಕಳನ್ನು ಹೆಚ್ಚು ಹೆರುವ ತಾಯಿಗೆ ಮೊಮ್ಮಕ್ಕಳು ಹೆಚ್ಚು. ಹೆಣ್ಣು ಕಡಿಮೆಯಾದರೆ ಇದರ ತಿರುಗುಮುರುಗು. ಯಾವ ಕಡೆ ವಾಲಿದರೂ ಕೊರತೆಯಿರುವ ಲಿಂಗಕ್ಕೇ ಲಾಭವಾಗಿ ತಕ್ಕಡಿ ಮತ್ತೆ ನಡುವಿಗೆ ಬರುತ್ತದೆ. ಪ್ರಭೇದದ ಹಿತ ಎಂಬ ಮಾತು ಈ ತರ್ಕದಲ್ಲಿ ಎಲ್ಲೂ ಇಲ್ಲ.

ಈ ಉತ್ತರದ ಬಲ ಗೊತ್ತಾದದ್ದು ಅದು ಅನ್ವಯಿಸದ ಕಡೆ. ಅತ್ತಿಯ ಕಾಯನ್ನು ಬಿಡಿಸಿ ನೋಡಿದವರಿಗೆಲ್ಲ ಒಳಗಿನ ಸಣ್ಣ ಕಣಜಗಳು ಗೊತ್ತು. ಹೆಣ್ಣು ಕಣಜ ಎಳೆಯ ಕಾಯಿಯೊಳಕ್ಕೆ ನುಸುಳಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಗಂಡುಮಕ್ಕಳು ರೆಕ್ಕೆಯಿಲ್ಲದೆ ಹುಟ್ಟಿ, ಅದೇ ಕಾಯಿಯ ಹೆಣ್ಣುಗಳೊಂದಿಗೆ ಕೂಡಿ, ಹೊರದಾರಿ ಕೊರೆದು ಮುಗಿಯುತ್ತವೆ. ಕಾಯಿಗೆ ಒಂದೇ ತಾಯಿ ಹೊಕ್ಕಿದ್ದರೆ ಅವಳ ಗಂಡುಮಕ್ಕಳು ಪೈಪೋಟಿ ನಡೆಸುವುದು ತಮ್ಮತಮ್ಮಲ್ಲೇ. ಹೆಚ್ಚು ಗಂಡುಗಳನ್ನು ಹೆತ್ತು ಪ್ರಯೋಜನವಿಲ್ಲ. ಇಬ್ಬರು, ಮೂವರು ತಾಯಂದಿರು ಹೊಕ್ಕರೆ ಲೆಕ್ಕ ಬದಲಾಗುತ್ತದೆ. ವಿಲಿಯಂ ಹ್ಯಾಮಿಲ್ಟನ್ 1967ರಲ್ಲಿ ಇದನ್ನು ಗಣಿತಕ್ಕಿಳಿಸಿದರು. ಅವರ ಸರಳ ಮಾದರಿಯಲ್ಲಿ ತಾಯಂದಿರು ಇಬ್ಬರಾದರೆ ಗಂಡುಗಳ ಪಾಲು ನಾಲ್ಕರಲ್ಲಿ ಒಂದು, ಮೂವರಾದರೆ ಮೂರರಲ್ಲಿ ಒಂದು, ತಾಯಂದಿರು ಹೆಚ್ಚಿದಷ್ಟೂ ಅರ್ಧದ ಹತ್ತಿರಕ್ಕೆ. ಒಬ್ಬಳೇ ಆದರೆ ಹೆಣ್ಣುಗಳನ್ನು ಕೂಡಲು ಸಾಕಾಗುವಷ್ಟು ಗಂಡು ಮಾತ್ರ. 1985ರಲ್ಲಿ ಆಲನ್ ಹೆರ್ ಪನಾಮಾದ ಅತ್ತಿಜಾತಿಯ ಮರಗಳ ಕಣಜಗಳನ್ನು ಎಣಿಸಿದಾಗ ತಾಯಂದಿರ ಸಂಖ್ಯೆ ಏರಿದಂತೆ ಗಂಡುಗಳ ಪಾಲೂ ಏರುತ್ತಿದ್ದುದು ಕಂಡಿತು. ಎಳ್ಳಿಗಿಂತ ಚಿಕ್ಕ ಹುಳುವಿನ ಮೊಟ್ಟೆಗಳ ಅನುಪಾತವನ್ನು ಕಾಗದದ ಮೇಲೆ ಮುಂಗಂಡದ್ದು ಜೀವಶಾಸ್ತ್ರದ ಅತಿ ಸುಂದರ ಗೆಲುವುಗಳಲ್ಲಿ ಒಂದು. ಹ್ಯಾಮಿಲ್ಟನ್ ಇಂಥ ಅನುಪಾತವನ್ನು ‘ಸೋಲಿಸಲಾಗದ ತಂತ್ರ’ ಎಂದು ಕರೆದರು.

ಹೆಸರಿಗೆ ತಕ್ಕ ಸಿದ್ಧಾಂತ ಮೂಡಿದ್ದು ಮತ್ತೊಂದು ಪ್ರಶ್ನೆಯಿಂದ. ಜಿಂಕೆಗಳು ಕೊಂಬಿಗೆ ಕೊಂಬು ಕೊಟ್ಟು ತಳ್ಳಾಡುತ್ತವೆಯೇ ಹೊರತು ಎದುರಾಳಿ ಪಕ್ಕ ತಿರುಗಿಸಿದಾಗ ಹೊಟ್ಟೆಗೆ ಇರಿಯುವುದು ಅಪರೂಪ. ಕಾನ್‌ರಾಡ್ ಲೊರೆನ್ಜ್ ಮೊದಲಾದವರು ಇದನ್ನು ಪ್ರಭೇದದ ಒಳಿತಿಗಾಗಿ ಇರುವ ಸಂಯಮ ಎಂದು ಬಗೆದಿದ್ದರು. ಜಾರ್ಜ್ ಪ್ರೈಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರಿಗೆ ಈ ವಿವರಣೆ ಹಿಡಿಸಲಿಲ್ಲ. 1967ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಅವರು ಜೀವಶಾಸ್ತ್ರವನ್ನು ತಾವಾಗಿ ಕಲಿತು, ಕೊಂಬು ಮತ್ತು ಕಾದಾಟದ ಕುರಿತು ದೀರ್ಘ ಪ್ರಬಂಧವೊಂದನ್ನು ‘ನೇಚರ್’ ಪತ್ರಿಕೆಗೆ ಕಳಿಸಿದರು. ಉದ್ದ ಹೆಚ್ಚಾದ್ದರಿಂದ ಅದು ಅಚ್ಚಾಗಲಿಲ್ಲ. ಅದನ್ನು ಪರಿಶೀಲಿಸಿದವರು ಸಸೆಕ್ಸ್ ವಿಶ್ವವಿದ್ಯಾಲಯದ ಜಾನ್ ಮೇನಾರ್ಡ್ ಸ್ಮಿತ್. ಯುದ್ಧಕಾಲದಲ್ಲಿ ವಿಮಾನಗಳ ಎಂಜಿನಿಯರ್ ಆಗಿದ್ದು, ಬಳಿಕ ಜೆ. ಬಿ. ಎಸ್. ಹಾಲ್ಡೇನರ ಶಿಷ್ಯರಾದವರು. (ಆ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಮುಂದೆ ಆ ವಿಚಾರವನ್ನು ಗಣಿತವಾಗಿ ಬೆಳೆಸಿದ ಮೇನಾರ್ಡ್ ಸ್ಮಿತ್, ಮೂಲ ಹೊಳಹು ಪ್ರೈಸ್‌ರದೆಂದು ಅವರನ್ನು ಸಹಲೇಖಕರನ್ನಾಗಿ ಕರೆದುಕೊಂಡರು. ಇಬ್ಬರ ಪ್ರಬಂಧ 1973ರ ನವೆಂಬರಿನಲ್ಲಿ ‘ನೇಚರ್’ನಲ್ಲೇ ಪ್ರಕಟವಾಯಿತು. ಪ್ರೈಸ್ ತಮ್ಮದೆಲ್ಲವನ್ನೂ ಲಂಡನ್ನಿನ ನಿರ್ಗತಿಕರಿಗೆ ಕೊಟ್ಟು, 1975ರ ಜನವರಿಯಲ್ಲಿ ಕಡುಬಡತನದಲ್ಲಿ ತೀರಿಕೊಂಡರು. ಮೇನಾರ್ಡ್ ಸ್ಮಿತ್ 1982ರಲ್ಲಿ ಬರೆದ ಪುಸ್ತಕ ಈ ಕ್ಷೇತ್ರದ ಆಧಾರಗ್ರಂಥವಾಯಿತು. 1999ರಲ್ಲಿ ಅವರಿಗೆ ಎರ್ನ್ಸ್ಟ್ ಮೇಯರ್, ಜಾರ್ಜ್ ವಿಲಿಯಮ್ಸ್ ಅವರೊಂದಿಗೆ ಕ್ರಾಫೋರ್ಡ್ ಪ್ರಶಸ್ತಿ ಬಂತು.

ಗಿಡುಗ ಮತ್ತು ಪಾರಿವಾಳ

ಮಾದರಿಗಳಲ್ಲೆಲ್ಲ ಹೆಸರಾದದ್ದು ಇದು. ಗಿಡುಗ, ಪಾರಿವಾಳ ಎಂಬವು ಇಲ್ಲಿ ಒಂದೇ ಪ್ರಭೇದದೊಳಗಿನ ಎರಡು ನಡವಳಿಕೆಗಳ ಹೆಸರು. ಗಿಡುಗ ಗೆಲ್ಲುವವರೆಗೆ ಇಲ್ಲವೇ ಗಾಯಗೊಳ್ಳುವವರೆಗೆ ಕಾದಾಡುತ್ತದೆ. ಪಾರಿವಾಳ ಬೆದರಿಸಿ ನೋಡುತ್ತದೆ, ಎದುರಾಳಿ ಮೇಲೆರಗಿದರೆ ಓಡುತ್ತದೆ. ಸಿಗುವ ವಸ್ತುವಿನ ಬೆಲೆ 40, ಗಾಯದ ನಷ್ಟ 100 ಎಂದು ಇಟ್ಟುಕೊಳ್ಳೋಣ. ಎರಡು ಗಿಡುಗಗಳು ಎದುರಾದರೆ ಅರ್ಧ ಸಲ ಗೆಲುವು, ಅರ್ಧ ಸಲ ಗಾಯ, ಸರಾಸರಿ ಫಲ ಋಣ 30. ಗಿಡುಗಕ್ಕೆ ಪಾರಿವಾಳ ಸಿಕ್ಕರೆ ಪೂರ್ತಿ 40, ಆ ಪಾರಿವಾಳಕ್ಕೆ ಸೊನ್ನೆ. ಎರಡು ಪಾರಿವಾಳಗಳಾದರೆ ತಲಾ 20.

ಎಲ್ಲವೂ ಪಾರಿವಾಳಗಳೇ ಆದ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಸರಾಸರಿ 20 ಸಿಗುತ್ತದೆ. ಅಲ್ಲಿ ಉತ್ಪರಿವರ್ತನೆಯಿಂದ ಒಂದು ಗಿಡುಗ ಹುಟ್ಟಿದರೆ ಅದಕ್ಕೆ 40. ಅದರ ಸಂತಾನ ಹಬ್ಬುತ್ತದೆ. ಹಾಗೆಂದು ಗುಂಪೆಲ್ಲ ಗಿಡುಗವಾಗಲಾರದು: ಗಿಡುಗಗಳ ನಡುವೆ ಓಡಿಹೋಗುವ ಪಾರಿವಾಳದ ಸೊನ್ನೆಯೇ ಋಣ 30ಕ್ಕಿಂತ ವಾಸಿ. ನೂರಕ್ಕೆ 40 ಗಿಡುಗಗಳಿದ್ದಾಗ ಇಬ್ಬರ ಸರಾಸರಿಯೂ 12 ಆಗಿ ತೂಕ ಸರಿಹೋಗುತ್ತದೆ. ವಸ್ತುವಿನ ಬೆಲೆಯನ್ನು ಗಾಯದ ನಷ್ಟದಿಂದ ಭಾಗಿಸಿದರೆ ಬರುವುದೂ ಇದೇ ಪ್ರಮಾಣ.

ಈ 12 ಮತ್ತು 20ರ ಅಂತರವನ್ನು ನಿಂತು ನೋಡಬೇಕು. ಪಾರಿವಾಳಗಳಷ್ಟೇ ಇದ್ದ ಗುಂಪು ಎಲ್ಲರಿಗೂ ಹೆಚ್ಚು ಕೊಡುತ್ತಿತ್ತು, ಆದರೆ ಬಾಳಲಾರದೆ ಹೋಯಿತು. ನಿಸರ್ಗದ ಆಯ್ಕೆ ಗುಂಪನ್ನು ಒಟ್ಟು ಸುಖದ ಕಡೆಗೆ ಒಯ್ಯುತ್ತದೆ ಎಂಬ ನಂಬಿಕೆಗೆ ಇಷ್ಟು ಸಣ್ಣ ಲೆಕ್ಕ ಸಾಕು, ಅದು ಬೀಳುತ್ತದೆ. ಮಾರಕ ಕಾದಾಟ ಅಪರೂಪವಾಗುವುದಕ್ಕೆ ಸಂಯಮ ಬೇಕಿಲ್ಲ, ಗಾಯದ ಬೆಲೆ ದೊಡ್ಡದಿದ್ದರಾಯಿತು.

ಗುಂಪಿನ ಬಹುತೇಕರು ಒಂದು ತಂತ್ರವನ್ನು ಅನುಸರಿಸುತ್ತಿರುವಾಗ, ಹೊಸದಾಗಿ ಹುಟ್ಟಿದ ಬೇರಾವ ತಂತ್ರವೂ ಅಲ್ಲಿ ಬೇರು ಬಿಡಲಾಗದಿದ್ದರೆ ಆ ಮೊದಲಿನದು ವಿಕಾಸಸ್ಥಿರ ತಂತ್ರ. ಈ ವ್ಯಾಖ್ಯೆಗೆ ಎರಡು ಮೆಟ್ಟಿಲುಗಳಿವೆ. ಹೊಸಬನಿಗೆ ಹಳಬರೆದುರು ಸಿಗುವ ಫಲ, ಹಳಬರು ತಮ್ಮತಮ್ಮಲ್ಲಿ ಪಡೆಯುವ ಫಲಕ್ಕಿಂತ ಕಡಿಮೆಯಿರಬೇಕು. ಎರಡೂ ಸಮವಾದರೆ, ಹೊಸಬರು ತಮ್ಮತಮ್ಮಲ್ಲಿ ಪಡೆಯುವುದಕ್ಕಿಂತ ಹೆಚ್ಚಿನದನ್ನು ಹಳಬರು ಹೊಸಬರೆದುರು ಪಡೆಯಬೇಕು. ಮೊದಲ ಮೆಟ್ಟಿಲು ಜಾನ್ ನ್ಯಾಶ್ 1950ರಲ್ಲಿ ನಿರೂಪಿಸಿದ ಸಮತೋಲಕ್ಕೆ ಹತ್ತಿರದ್ದು, ಎರಡನೆಯದು ಜೀವಶಾಸ್ತ್ರದ ಕೊಡುಗೆ. 1978ರಲ್ಲಿ ಪೀಟರ್ ಟೇಲರ್ ಮತ್ತು ಲಿಯೊ ಯಾಂಕರ್ ಇದಕ್ಕೆ ಚಲನೆಯ ಸಮೀಕರಣ ಬರೆದರು: ಒಂದು ತಂತ್ರದ ಫಲ ಗುಂಪಿನ ಸರಾಸರಿಗಿಂತ ಎಷ್ಟು ಮೇಲಿದೆಯೋ ಅದರ ಪಾಲು ಅಷ್ಟು ವೇಗವಾಗಿ ಏರುತ್ತದೆ, ಕೆಳಗಿದ್ದರೆ ಇಳಿಯುತ್ತದೆ. ವಿಯೆನ್ನಾದ ಕಾರ್ಲ್ ಸಿಗ್ಮಂಡ್, ಜೋಸೆಫ್ ಹೊಫ್‌ಬೌರ್ ಮುಂತಾದವರ ಕೈಯಲ್ಲಿ ಇದು ಬೆಳೆದು, ಸಮತೋಲಕ್ಕೆ ಎಂದೂ ಬಾರದೆ ಸುತ್ತುತ್ತಲೇ ಇರುವ ಗುಂಪುಗಳನ್ನೂ ಅಳೆಯುವ ಸಾಧನವಾಯಿತು.

ಒಡೆತನದ ಜಗಳ

ನಿಜವಾದ ಕಾದಾಟಗಳಲ್ಲಿ ಇಬ್ಬರೂ ಸಮಾನರಾಗಿರುವುದು ಕಡಿಮೆ. ಒಬ್ಬ ಮೊದಲು ಬಂದವ, ಇನ್ನೊಬ್ಬ ಆಮೇಲೆ ಬಂದವ. ತಾನು ಒಡೆಯನಾದರೆ ಕಾದಾಡು, ಹೊರಗಿನವನಾದರೆ ಹಿಂದೆ ಸರಿ ಎಂಬ ತಂತ್ರ ಗಿಡುಗ, ಪಾರಿವಾಳ ಎರಡನ್ನೂ ಸೋಲಿಸುತ್ತದೆ ಎಂದು ಮೇನಾರ್ಡ್ ಸ್ಮಿತ್ ಮತ್ತು ಜೆಫ್ ಪಾರ್ಕರ್ 1976ರಲ್ಲಿ ತೋರಿಸಿದರು. ಎರಡು ವರ್ಷಗಳ ಬಳಿಕ ನಿಕ್ ಡೇವಿಸ್ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಇದನ್ನು ಕಂಡೆವೆಂದುಕೊಳ್ಳುವಂಥ ಸಾಕ್ಷ್ಯ ತಂದರು. ನೆಲದ ಮೇಲಿನ ಬಿಸಿಲಿನ ತುಣುಕುಗಳಿಗಾಗಿ ಅಲ್ಲಿನ ಕಂದು ಚಿಟ್ಟೆಯ ಗಂಡುಗಳು ಸುರುಳಿಯಾಗಿ ಹಾರುತ್ತ ಸೆಣಸುತ್ತವೆ. ಕ್ಷಣದಲ್ಲಿ ಹೊರಗಿನದು ಹೊರಟುಹೋಗುತ್ತದೆ. ಇಬ್ಬರೂ ತಾನೇ ಒಡೆಯನೆಂದುಕೊಳ್ಳುವಂತೆ ಪ್ರಯೋಗದಲ್ಲಿ ಮಾಡಿದಾಗ ಸೆಣಸಾಟ ಬಹಳ ಹೊತ್ತು ನಡೆಯಿತು. ಪಠ್ಯಪುಸ್ತಕಗಳೆಲ್ಲ ಈ ಚಿಟ್ಟೆಯನ್ನು ಎತ್ತಿಕೊಂಡವು. ಆದರೆ 1998ರಲ್ಲಿ ಮತ್ತೊಂದು ತಂಡ, ಬಿಸಿಲಿನಲ್ಲಿ ಕೂತ ಚಿಟ್ಟೆಯ ಮೈ ಬೆಚ್ಚಗಿರುವುದರಿಂದಲೇ ಅದು ಗೆಲ್ಲುತ್ತಿರಬಹುದೆಂದು ತೋರಿಸಿತು. ಒಡೆತನದ ಗೌರವ ಎಂದು ಕಂಡದ್ದು ಸ್ನಾಯುಗಳ ಕಾವು ಇರಬಹುದು.

ಇದಕ್ಕಿಂತ ಹೆಚ್ಚು ಕಲಿಸಿದ್ದು ಜೇಡ. ಅಮೆರಿಕದ ನೈಋತ್ಯ ಭಾಗದ ಆಲಿಕೆಬಲೆಯ ಜೇಡವೊಂದರ ಬಲೆಯ ತಾಣಗಳು ನ್ಯೂ ಮೆಕ್ಸಿಕೊದ ಒಣ ಹುಲ್ಲುಗಾವಲಿನಲ್ಲಿ ವಿರಳ, ಅರಿಜೋನಾದ ಹೊಳೆದಂಡೆಯಲ್ಲಿ ಹೇರಳ. ಸೂಸನ್ ರೀಕರ್ಟ್ ಮತ್ತು ಪೀಟರ್ ಹಮ್ಮರ್‌ಸ್ಟೈನ್ ಎರಡೂ ಕಡೆಯ ಬೆಲೆ, ನಷ್ಟಗಳನ್ನು ಸ್ಥಳದಲ್ಲೇ ಅಳೆದು, ಯಾವ ಜೇಡ ಹೇಗೆ ಕಾದಾಡಬೇಕೆಂದು ಲೆಕ್ಕ ಹಾಕಿದರು. ಒಣನಾಡಿನ ಜೇಡಗಳು ಲೆಕ್ಕಕ್ಕೆ ತಕ್ಕಂತೆ ನಡೆದವು. ಹೊಳೆದಂಡೆಯವು ಅಗತ್ಯಕ್ಕಿಂತ ಹೆಚ್ಚು ಜಗಳಗಂಟಿಗಳಾಗಿದ್ದವು. ಸುತ್ತಲಿನ ಒಣ ಪ್ರದೇಶಗಳಿಂದ ಬಂದ ಜೇಡಗಳು ಅಲ್ಲಿನವುಗಳೊಂದಿಗೆ ಕೂಡುತ್ತಿದ್ದುದರಿಂದ ಹೊಳೆದಂಡೆಯ ಗುಂಪು ತನ್ನ ಸ್ಥಿರಬಿಂದುವನ್ನು ಮುಟ್ಟಲಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಸಂಖ್ಯೆಗಳನ್ನು ಮೊದಲೇ ಮುಂದಿಟ್ಟಿದ್ದರಿಂದ ಮಾತ್ರ ಈ ಪ್ರಶ್ನೆ ಎದ್ದಿತು. ಮಾದರಿ ತಪ್ಪಿದ ಕಡೆ ಏನು ಬಿಟ್ಟುಹೋಗಿದೆಯೆಂದು ಹುಡುಕುವುದೇ ಈ ಶಾಸ್ತ್ರದ ನಿಜವಾದ ದುಡಿಮೆ.

ಕಲ್ಲು, ಕಾಗದ, ಕತ್ತರಿ

ಮಕ್ಕಳ ಈ ಆಟದಲ್ಲಿ ಗೆಲ್ಲುವ ಒಂದೇ ಕೈ ಎಂಬುದಿಲ್ಲ. ಕ್ಯಾಲಿಫೋರ್ನಿಯಾದ ಹಲ್ಲಿಯೊಂದರಲ್ಲಿ ಇದೇ ವೃತ್ತವನ್ನು ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ 1996ರಲ್ಲಿ ವರದಿ ಮಾಡಿದರು. ಗಂಡುಗಳ ಗಂಟಲಿನ ಬಣ್ಣ ಮೂರು ಬಗೆ. ಕಿತ್ತಳೆ ಗಂಟಲಿನವು ಬಲಶಾಲಿಗಳು. ದೊಡ್ಡ ಪ್ರದೇಶ ಹಿಡಿದು ಹಲವು ಹೆಣ್ಣುಗಳನ್ನು ಇಟ್ಟುಕೊಳ್ಳುತ್ತವೆ. ನೀಲಿ ಗಂಟಲಿನವು ಸಣ್ಣ ಜಾಗದಲ್ಲಿ ತಮ್ಮ ಜೊತೆಗಾತಿಯನ್ನು ಕಾಯುತ್ತವೆ. ಹಳದಿ ಗಂಟಲಿನವು ನೋಡಲು ಹೆಣ್ಣಿನಂತೆ. ಜಾಗ ಹಿಡಿಯದೆ ಕಳ್ಳತನದಿಂದ ಕೂಡುತ್ತವೆ. ಕಿತ್ತಳೆ ನೀಲಿಯನ್ನು ಬಲದಿಂದ ಸೋಲಿಸುತ್ತದೆ, ಹಳದಿ ಕಿತ್ತಳೆಯ ದೊಡ್ಡ ಪ್ರದೇಶದೊಳಕ್ಕೆ ನುಸುಳಿ ಗೆಲ್ಲುತ್ತದೆ, ಕಣ್ಣಿಟ್ಟು ಕಾಯುವ ನೀಲಿಯೆದುರು ಹಳದಿಯ ಕಳ್ಳತನ ನಡೆಯುವುದಿಲ್ಲ. 1990ರಿಂದ 95ರವರೆಗಿನ ಎಣಿಕೆಯಲ್ಲಿ ನೀಲಿ, ಕಿತ್ತಳೆ, ಹಳದಿಗಳು ಸರದಿಯಂತೆ ಮೇಲೆ ಬಂದು, ವೃತ್ತ ಮತ್ತೆ ನೀಲಿಗೆ ಮರಳಿತು.

ಪ್ರಯೋಗಾಲಯದ ರೂಪ 2002ರಲ್ಲಿ ಬಂತು. ಬೆಂಜಮಿನ್ ಕೆರ್ ಮತ್ತು ಸಂಗಡಿಗರು ಇ. ಕೋಲೈ ಬ್ಯಾಕ್ಟೀರಿಯದ ಮೂರು ತಳಿಗಳನ್ನು ತೆಗೆದುಕೊಂಡರು: ಕೊಲಿಸಿನ್ ಎಂಬ ವಿಷ ಸ್ರವಿಸುವುದು, ಆ ವಿಷಕ್ಕೆ ಬಲಿಯಾಗುವುದು, ವಿಷವನ್ನು ತಾಳಿಕೊಳ್ಳುವುದು. ವಿಷದ ತಳಿ ಬಲಿಯಾಗುವುದನ್ನು ಕೊಲ್ಲುತ್ತದೆ. ವಿಷ ತಯಾರಿಸುವ ಖರ್ಚಿಲ್ಲದ್ದರಿಂದ ತಾಳಿಕೊಳ್ಳುವ ತಳಿ ವಿಷದ ತಳಿಗಿಂತ ಬೇಗ ಬೆಳೆಯುತ್ತದೆ. ತಾಳಿಕೆಗೂ ಬೆಲೆ ತೆರಬೇಕಾದ್ದರಿಂದ ಬಲಿಯಾಗುವ ತಳಿ ಅದಕ್ಕಿಂತಲೂ ಬೇಗ ಬೆಳೆಯುತ್ತದೆ. ಕುಲುಕುತ್ತಿರುವ ಸೀಸೆಯಲ್ಲಿ ಮೂರನ್ನೂ ಬೆರೆಸಿದಾಗ ಬೇಗನೆ ತಾಳಿಕೊಳ್ಳುವ ತಳಿಯೊಂದೇ ಉಳಿಯಿತು. ತಟ್ಟೆಯ ಮೇಲೆ, ನೆರೆಹೊರೆ ಕದಡದಂತೆ ಬೆಳೆಸಿದಾಗ ಮೂರರ ತೇಪೆಗಳೂ ಒಂದನ್ನೊಂದು ಅಟ್ಟುತ್ತ ಒಟ್ಟಿಗೆ ಬಾಳಿದವು. ಯಾರು ಯಾರ ಪಕ್ಕದಲ್ಲಿದ್ದಾರೆ ಎಂಬುದೂ ಆಟದ ಭಾಗ ಎಂದು ಈ ಪ್ರಯೋಗ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಜೀವವೈವಿಧ್ಯ ಉಳಿಯುವ ಬಗೆಗಳಲ್ಲಿ ಇದೂ ಒಂದಿರಬಹುದು.

ವಿರಳವಾದದ್ದಕ್ಕೆ ಲಾಭ ಎಂಬ ಸರಳ ನಿಯಮವೂ ಹೀಗೆಯೇ ವೈವಿಧ್ಯವನ್ನು ಕಾಯುತ್ತದೆ. ಆಫ್ರಿಕದ ಟಾಂಗನ್ಯಿಕಾ ಸರೋವರದಲ್ಲಿ ಬೇರೆ ಮೀನುಗಳ ಹುರುಪೆ ಕಿತ್ತು ತಿನ್ನುವ ಮೀನೊಂದಿದೆ. ಕೆಲವಕ್ಕೆ ಬಾಯಿ ಎಡಕ್ಕೆ ಸೊಟ್ಟ, ಕೆಲವಕ್ಕೆ ಬಲಕ್ಕೆ. ಬಲಿಮೀನುಗಳು ಹೆಚ್ಚು ದಾಳಿ ಬರುವ ಮಗ್ಗುಲನ್ನು ಜಾಗ್ರತೆಯಿಂದ ಕಾಯುವುದರಿಂದ ಕಡಿಮೆ ಸಂಖ್ಯೆಯ ಸೊಟ್ಟಬಾಯಿಗೇ ಹೊಟ್ಟೆ ತುಂಬುತ್ತದೆ. ಎರಡರ ಪ್ರಮಾಣ ಅರ್ಧದ ಆಚೀಚೆ ತೂಗಾಡುತ್ತಿರುವುದನ್ನು ಮಿಚಿಯೊ ಹೋರಿ 1993ರಲ್ಲಿ ಪ್ರಕಟಿಸಿದರು.

ಸಹಕಾರದ ಒಗಟು

ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಒಳ್ಳೆಯದು; ಆದರೆ ಎದುರಿನವನು ಏನೇ ಮಾಡಲಿ, ಕೈಕೊಟ್ಟವನಿಗೇ ಹೆಚ್ಚು ಲಾಭ. ‘ಕೈದಿಗಳ ಇಕ್ಕಟ್ಟು’ ಎಂಬ ಈ ಆಟದಲ್ಲಿ ಒಂದೇ ಸಲ ಎದುರಾಗುವವರಿಗೆ ಮೋಸವೇ ಸ್ಥಿರ ತಂತ್ರ. ಹಾಗಿದ್ದೂ ಜೀವಜಗತ್ತು ಸಹಕಾರದಿಂದ ತುಂಬಿದೆ. ರಕ್ತಸಂಬಂಧ ಒಂದು ಉತ್ತರ. ಹ್ಯಾಮಿಲ್ಟನ್ 1964ರಲ್ಲಿ ಹೇಳಿದಂತೆ, ನೆರವು ಪಡೆದವರಿಗಾಗುವ ಲಾಭವನ್ನು ನಂಟಿನ ಪ್ರಮಾಣದಿಂದ ಗುಣಿಸಿದಾಗ ಅದು ಕೊಟ್ಟವರ ನಷ್ಟವನ್ನು ಮೀರಿದರೆ ನೆರವಿನ ಗುಣ ಹರಡುತ್ತದೆ.

ನಂಟಿಲ್ಲದವರ ನಡುವಿನ ಸಹಕಾರಕ್ಕೆ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಪರಸ್ಪರ ಋಣದ ವಿವರಣೆ ಕೊಟ್ಟರು. ಮಿಶಿಗನ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಈ ಆಟವನ್ನು ಮತ್ತೆಮತ್ತೆ ಆಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳ ಪಂದ್ಯಾವಳಿಗಳನ್ನು ನಡೆಸಿದರು. ಮೊದಲನೆಯದಕ್ಕೆ ಬಂದವು 14, ಎರಡನೆಯದಕ್ಕೆ 62. ಎರಡರಲ್ಲೂ ಗೆದ್ದದ್ದು ಅನಟೋಲ್ ರ್‍ಯಾಪೊಪೋರ್ಟ್ ಕಳಿಸಿದ ‘ಟಿಟ್ ಫಾರ್ ಟ್ಯಾಟ್’, ಅಂದರೆ ಮುಯ್ಯಿಗೆ ಮುಯ್ಯಿ. ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅಷ್ಟೇ ಅದರ ನಿಯಮ. ಹ್ಯಾಮಿಲ್ಟನ್ನರೊಂದಿಗೆ ಸೇರಿ ಆಕ್ಸೆಲ್‌ರಾಡ್ 1981ರಲ್ಲಿ ಬರೆದ ಪ್ರಬಂಧ ಈ ಫಲಿತವನ್ನು ಜೀವಶಾಸ್ತ್ರಕ್ಕೆ ತಂದಿತು.

ಈ ಸರಳತೆ ಎಷ್ಟು ಆಕರ್ಷಕವೋ ಅಷ್ಟೇ ದುರ್ಬಲ. ಒಬ್ಬ ತಪ್ಪಿ ಒಮ್ಮೆ ಕೈಕೊಟ್ಟರೂ ಇಬ್ಬರೂ ಕೊನೆಯಿಲ್ಲದೆ ಸೇಡು ತೀರಿಸಿಕೊಳ್ಳುತ್ತಾರೆ. ಮಾರ್ಟಿನ್ ನೊವಾಕ್ ಮತ್ತು ಸಿಗ್ಮಂಡ್ 1992ರಲ್ಲಿ ಆಗಾಗ ಕ್ಷಮಿಸುವ ರೂಪವನ್ನು, ಮರುವರ್ಷ ‘ಗೆದ್ದರೆ ಮುಂದುವರಿಸು, ಸೋತರೆ ಬದಲಿಸು’ ಎಂಬ ತಂತ್ರವನ್ನು ಮುಂದಿಟ್ಟರು. ಪ್ರಾಣಿಗಳಲ್ಲಿ ಇಂಥ ಋಣಸಂದಾಯ ನಿರೀಕ್ಷಿಸಿದಷ್ಟು ಸಿಕ್ಕಿಲ್ಲ. ಎದ್ದು ಕಾಣುವ ಉದಾಹರಣೆ ಲ್ಯಾಟಿನ್ ಅಮೆರಿಕದ ರಕ್ತಹೀರುವ ಬಾವಲಿ: ಬೇಟೆ ಸಿಗದ ಸಂಗಾತಿಗೆ ಅದು ತಾನು ಕುಡಿದ ರಕ್ತವನ್ನು ಕಕ್ಕಿ ಉಣಿಸುತ್ತದೆ. ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಕೋಸ್ಟರಿಕಾದಲ್ಲಿ ಇದನ್ನು ದಾಖಲಿಸಿದರು. ಹಿಂದೆ ಯಾರು ಉಣಿಸಿದ್ದರು ಎಂಬುದು ನಂಟಿಗಿಂತಲೂ ಹೆಚ್ಚು ಗಣನೆಗೆ ಬರುತ್ತದೆಂದು ಅವರು ಮತ್ತು ಜೆರಾಲ್ಡ್ ಕಾರ್ಟರ್ 2013ರಲ್ಲಿ ತೋರಿಸಿದರು.

ನೆನಪೂ ಗುರುತೂ ಇಲ್ಲದ ಜೀವಿಗಳಿಗೆ ನೆರೆಹೊರೆಯೇ ಆಸರೆ. ಚದುರಂಗದ ಮನೆಗಳಂತೆ ಜೋಡಿಸಿದ ಆಟಗಾರರು ಪಕ್ಕದವರೊಂದಿಗಷ್ಟೇ ಆಡಿದರೆ ಸಹಕಾರಿಗಳು ಗುಂಪುಗೂಡಿ ಉಳಿಯಬಲ್ಲರು ಎಂದು ನೊವಾಕ್ ಮತ್ತು ರಾಬರ್ಟ್ ಮೇ 1992ರಲ್ಲಿ ಕಂಡುಕೊಂಡರು. ಇದನ್ನು ಸಾರ್ವತ್ರಿಕ ನಿಯಮವೆಂದು ಹಿಡಿಯಬಾರದು; ಗಿಡುಗ-ಪಾರಿವಾಳದಂಥ ಫಲಗಳಿರುವ ಆಟದಲ್ಲಿ ಅದೇ ನೆರೆಹೊರೆ ಸಹಕಾರವನ್ನು ಕುಗ್ಗಿಸುವುದೂ ಉಂಟೆಂದು 2004ರಲ್ಲಿ ಕ್ರಿಸ್ಟೋಫ್ ಹಾವರ್ಟ್ ಮತ್ತು ಮೈಕೆಲ್ ಡೊಬೆಲಿ ತೋರಿಸಿದರು.

ಯಾವ ಜೀವಿ ಯಾವ ಆಟದಲ್ಲಿದೆ ಎಂಬುದನ್ನು ಅಳೆದೇ ತಿಳಿಯಬೇಕು, ಇದಕ್ಕೆ ಯೀಸ್ಟ್ ಒಳ್ಳೆಯ ಪಾಠ. ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ಯೀಸ್ಟ್ ಕೋಶ ತನ್ನ ಹೊರಮೈಯ ಬಳಿ ಇಟ್ಟುಕೊಳ್ಳುತ್ತದೆ. ಒಡೆದ ಸಕ್ಕರೆಯಲ್ಲಿ 99 ಪಾಲು ನೀರಿನಲ್ಲಿ ಹರಡಿ ನೆರೆಯವರ ಪಾಲಾಗುತ್ತದೆ, ಒಂದು ಪಾಲು ಮಾತ್ರ ದುಡಿದವನಿಗೆ. ಕಿಣ್ವ ತಯಾರಿಸದ ಕೋಶಗಳು ಪುಕ್ಕಟೆ ಉಣ್ಣುತ್ತವೆ. ಇದು ಕೈದಿಗಳ ಇಕ್ಕಟ್ಟೆಂದೇ ತೋರುತ್ತದೆ. ಜೆಫ್ ಗೋರ್ ಮತ್ತು ಸಂಗಡಿಗರು 2009ರಲ್ಲಿ ಬೆಳೆಸಿ ನೋಡಿದಾಗ ಎರಡೂ ಬಗೆಯ ಕೋಶಗಳು ಒಟ್ಟಿಗೆ ಉಳಿದವು. ದುಡಿಯುವವರು ವಿರಳವಾದಾಗ ಆ ಒಂದು ಪಾಲೇ ಅವರನ್ನು ಮೇಲೆತ್ತುತ್ತದೆ. ಬ್ಯಾಕ್ಟೀರಿಯಕ್ಕೆ ಸೋಂಕುವ ಫೈ-6 ವೈರಸ್ಸಿನ ಕಥೆ ಬೇರೆಯಾಯಿತು: ಒಂದೇ ಕೋಶದೊಳಗೆ ಹಲವು ವೈರಸ್ಸುಗಳು ಸೇರುವಂತೆ ಬೆಳೆಸಿದಾಗ ಸ್ವಾರ್ಥಿ ತಳಿ ಮೇಲುಗೈ ಪಡೆದು ಎಲ್ಲರ ಬೆಳವಣಿಗೆಯೂ ಕುಗ್ಗಿದ್ದನ್ನು ಪಾಲ್ ಟರ್ನರ್ ಮತ್ತು ಲಿನ್ ಚಾವೊ 1999ರಲ್ಲಿ ವರದಿ ಮಾಡಿದ್ದರು.

ಬೇರೆ ಬೇರೆ ಪ್ರಭೇದಗಳ ನಡುವೆ

ಇಲ್ಲಿ ನಂಟಿನ ಮಾತೇ ಇಲ್ಲ, ಲೆಕ್ಕ ಕೊಡುಕೊಳ್ಳುವಿಕೆಯದು. ಸೋಯಾ ಅವರೆಯ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಿ ಸಕ್ಕರೆ ಪಡೆಯುತ್ತದೆ. ಅದು ದುಡಿಯದೆ ಉಂಡರೆ? ಟೋಬಿ ಕೀರ್ಸ್ ಮತ್ತು ಸಂಗಡಿಗರು 2003ರಲ್ಲಿ ಗಂಟುಗಳ ಸುತ್ತಲಿನ ಸಾರಜನಕವನ್ನು ತೆಗೆದು ಆರ್ಗಾನ್ ತುಂಬಿದರು, ಬ್ಯಾಕ್ಟೀರಿಯ ಬೇಕೆಂದರೂ ದುಡಿಯಲಾರದಂತೆ. ಗಿಡ ಆ ಗಂಟುಗಳಿಗೆ ಆಮ್ಲಜನಕ ಕಡಿತಗೊಳಿಸಿತು. ಅಲ್ಲಿನ ಬ್ಯಾಕ್ಟೀರಿಯಗಳ ಸಂತಾನ ಗಣನೀಯವಾಗಿ ಇಳಿಯಿತು.

ಹವಳದ ದಿಬ್ಬಗಳ ಶುಚಿಕಾರ ಮೀನು ಇನ್ನೂ ಸೂಕ್ಷ್ಮವಾದ ವ್ಯವಹಾರ ನಡೆಸುತ್ತದೆ. ಲಕ್ಷದ್ವೀಪದಲ್ಲೂ ಕಾಣಸಿಗುವ ಈ ನೀಲಿಪಟ್ಟೆಯ ಪುಟ್ಟ ಮೀನು ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ತಿನ್ನುತ್ತದೆ. ಆದರೆ ಅದಕ್ಕೆ ನಿಜವಾಗಿ ಇಷ್ಟ ಗಿರಾಕಿಯ ಮೈಯ ಲೋಳೆ. ಲೋಳೆಗೆ ಬಾಯಿ ಹಾಕಿದರೆ, ಬೇರೆ ಶುಚಿತಾಣಗಳಿಗೆ ಹೋಗಬಲ್ಲ ಗಿರಾಕಿ ಹೊರಟುಹೋಗುತ್ತದೆ, ಹೋಗಲಾರದ್ದು ಅಟ್ಟಿಸಿಕೊಂಡು ಬರುತ್ತದೆ. ಕಾದು ನಿಂತು ನೋಡುತ್ತಿರುವ ಗಿರಾಕಿಗಳು ಮೋಸಗಾರನನ್ನು ಬಿಟ್ಟು ಪ್ರಾಮಾಣಿಕನನ್ನು ಆರಿಸುತ್ತವೆ ಎಂದು ರೆಡುವಾನ್ ಬ್ಶಾರಿ ಮತ್ತು ಅಲೆಕ್ಸಾಂಡ್ರಾ ಗ್ರಟರ್ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಇಬ್ಬರ ಆಟವಾಗಿ ಬರೆದರೆ ಈ ಸಂಬಂಧದ ಅರ್ಧವೂ ಸಿಗುವುದಿಲ್ಲ. ರೊನಾಲ್ಡ್ ನೋಯ ಮತ್ತು ಹಮ್ಮರ್‌ಸ್ಟೈನ್ 1994ರಲ್ಲಿ ರೂಪಿಸಿದ ಜೈವಿಕ ಮಾರುಕಟ್ಟೆಯ ಮಾದರಿ ಇಂಥ ಕಡೆ ಹೊಂದುತ್ತದೆ.

ಬೆಂಗಳೂರಿನ ಅಧ್ಯಯನಗಳು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯ ಮಾರ್ಜಿನೇಟ ಎಂಬ ಕಣಜದ ಗೂಡಿನಲ್ಲಿ ಪ್ರತಿ ಹೆಣ್ಣಿಗೂ ಎರಡು ದಾರಿಗಳಿವೆ: ಹೊರಟು ಹೊಸ ಗೂಡು ಕಟ್ಟುವುದು, ಇಲ್ಲವೇ ಉಳಿದು ರಾಣಿಯ ಮಕ್ಕಳನ್ನು ಸಾಕುವುದು. ಗೂಡಿನ ಸದಸ್ಯರ ನಡುವಿನ ನಂಟು ಅಷ್ಟೇನೂ ಗಾಢವಲ್ಲವೆಂದು ಅವರು ಕಂಡುಕೊಂಡರು. ಒಂಟಿ ತಾಯಿ ಮಕ್ಕಳು ದೊಡ್ಡವಾಗುವ ಮೊದಲೇ ಸತ್ತರೆ ಶ್ರಮವೆಲ್ಲ ವ್ಯರ್ಥ. ಗೂಡಿನಲ್ಲಿದ್ದವಳ ಅರ್ಧ ಕೆಲಸವನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ನಂಟಿನ ಜೊತೆಗೆ ಇಂಥ ಬದುಕಿನ ಲೆಕ್ಕಗಳನ್ನೂ ಕೂಡಿಸಿದಾಗ ದುಡಿಮೆಗಾರ ಕಣಜಗಳ ತ್ಯಾಗ ಅರ್ಥವಾಗುತ್ತದೆ. ಅದೇ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅತ್ತಿಮರ ಮತ್ತು ಅದರ ಕಣಜಗಳ ಒಡನಾಟವನ್ನು, ವಿಶ್ವೇಶ ಗುತ್ತಲ್ ಪ್ರಾಣಿಗಳ ಸಾಮೂಹಿಕ ಚಲನೆಯನ್ನು ಅಭ್ಯಸಿಸಿದ್ದಾರೆ. ವಲಸೆಯ ದಾರಿಯನ್ನು ಹುಡುಕುವ ಕೆಲವರು ಮತ್ತು ಅವರನ್ನು ಹಿಂಬಾಲಿಸುವ ಹಲವರು ಒಂದೇ ಗುಂಪಿನಲ್ಲಿ ಹೇಗೆ ಉಳಿಯಬಲ್ಲರೆಂದು ಗುತ್ತಲ್ ಮತ್ತು ಇಯಾನ್ ಕೂಜಿನ್ 2010ರಲ್ಲಿ ಮಾದರಿ ಕಟ್ಟಿದರು. ರೋಹಿಣಿ ಬಾಲಕೃಷ್ಣನ್ ಅವರ ತಂಡ ಅಧ್ಯಯನ ಮಾಡಿದ ಮರಚಿಮ್ಮಂಡೆಯಲ್ಲಿ ಕೆಲವು ಗಂಡುಗಳು ಎಲೆಯಲ್ಲಿ ತೂತು ಕೊರೆದು, ಅಲ್ಲಿಂದ ಕೂಗಿ ತಮ್ಮ ದನಿಯನ್ನು ಹಿಗ್ಗಿಸಿಕೊಳ್ಳುತ್ತವೆ. ಈ ಉಪಾಯಕ್ಕೆ ಹೆಚ್ಚಾಗಿ ಕೈಹಾಕುವುದು ಚಿಕ್ಕ ಮೈಯ, ಸಣ್ಣ ದನಿಯ ಗಂಡುಗಳು.

ಮಿತಿಗಳು

ಮೂಲ ಮಾದರಿಗಳು ಜೀನುಗಳ ಒಳಸುಳಿಗಳನ್ನು ಬದಿಗಿಟ್ಟು, ಯಶಸ್ವಿ ತಂತ್ರ ನೇರವಾಗಿ ಮಕ್ಕಳಿಗೆ ಇಳಿಯುತ್ತದೆಂದು ಭಾವಿಸುತ್ತವೆ. ಇದು ಜೂಜು ಎಂದು ಆಲನ್ ಗ್ರಾಫನ್ ಒಪ್ಪಿಕೊಂಡೇ ಆಡಿದರು. ಬಹಳ ಸಲ ಗೆಲ್ಲುವ ಜೂಜು, ಎಲ್ಲ ಸಲವೂ ಅಲ್ಲ. ಗುಂಪು ಅನಂತವಾಗಿದೆ ಎಂಬುದು ಇನ್ನೊಂದು ಊಹೆ. ಸಣ್ಣ ಗುಂಪುಗಳಲ್ಲಿ ಬರೀ ಆಕಸ್ಮಿಕದಿಂದ ಕೆಟ್ಟ ತಂತ್ರ ನೆಲೆಯೂರಬಹುದು, ಇದರ ಗಣಿತವನ್ನು ನೊವಾಕ್ ಮತ್ತಿತರರು 2004ರಿಂದ ಕಟ್ಟಿದ್ದಾರೆ. ಆಟ ಆಡಿದಂತೆ ಆಟದ ಕಣವೇ ಬದಲಾಗುವುದು ಮೂರನೆಯ ತೊಡಕು: ದುಡಿಯುವವರು ಹೆಚ್ಚಿದರೆ ಪರಿಸರ ಸಮೃದ್ಧವಾಗುತ್ತದೆ, ಸಮೃದ್ಧಿಯಲ್ಲಿ ಪುಕ್ಕಟೆ ಉಣ್ಣುವವರು ಹೆಚ್ಚುತ್ತಾರೆ, ಪರಿಸರ ಬರಡಾಗುತ್ತದೆ. ಜೋಶುವಾ ವೈಟ್ಜ್ ಮತ್ತು ಸಂಗಡಿಗರು 2016ರಲ್ಲಿ ಈ ಏರಿಳಿತವನ್ನು ಸಮೀಕರಣಗಳಿಗೆ ತಂದರು. ಎಲ್ಲಕ್ಕಿಂತ ಕಷ್ಟದ್ದು ಅಳತೆ. ಗಾಯದ ಬೆಲೆಯನ್ನು ಮೊಮ್ಮಕ್ಕಳ ಲೆಕ್ಕದಲ್ಲಿ ಹೇಳಲು ಒಂದು ಪ್ರಾಣಿಯ ಹಿಂದೆ ಅದರ ಜೀವಮಾನವಿಡೀ ಅಲೆಯಬೇಕು. ಹಾಗೆ ಅಲೆದ ಅಧ್ಯಯನಗಳು ಕಡಿಮೆ, ಕಾಗದದ ಮಾದರಿಗಳು ಸಾವಿರಾರು. ಈ ಅಸಮತೋಲ ಇಂದಿಗೂ ಈ ಕ್ಷೇತ್ರದ ದೊಡ್ಡ ದೌರ್ಬಲ್ಯ.

ಗಡ್ಡೆಯೊಳಗಿನ ಆಟ

ಕ್ಯಾನ್ಸರ್ ಗಡ್ಡೆಯ ಕೋಶಗಳೂ ಪರಸ್ಪರ ಪೈಪೋಟಿ ನಡೆಸುತ್ತ ವಿಕಾಸ ಹೊಂದುತ್ತವೆ. ಔಷಧವನ್ನು ತಾಳಿಕೊಳ್ಳುವ ಕೋಶಗಳು ಆ ಶಕ್ತಿಗೆ ಬೆಲೆ ತೆರುತ್ತಿದ್ದರೆ, ಔಷಧವಿಲ್ಲದಾಗ ಸಾಮಾನ್ಯ ಕೋಶಗಳೇ ಅವನ್ನು ಅದುಮಿ ಇಡುತ್ತವೆ. ಗರಿಷ್ಠ ಔಷಧ ಕೊಟ್ಟು ಸಾಮಾನ್ಯ ಕೋಶಗಳನ್ನೆಲ್ಲ ಕೊಂದರೆ ತಾಳುವ ಕೋಶಗಳಿಗೆ ಎದುರಾಳಿಯೇ ಇರುವುದಿಲ್ಲ. ಫ್ಲಾರಿಡಾದ ಮಾಫಿಟ್ ಕ್ಯಾನ್ಸರ್ ಕೇಂದ್ರದ ರಾಬರ್ಟ್ ಗೇಟನ್‌ಬಿ ಮತ್ತು ಸಂಗಡಿಗರು ಈ ತರ್ಕದ ಮೇಲೆ ಹೊಂದಾಣಿಕೆಯ ಚಿಕಿತ್ಸೆಯನ್ನು ರೂಪಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ್ದ ರೋಗಿಗಳಿಗೆ ಅಬಿರಾಟೆರಾನ್ ಎಂಬ ಔಷಧ ಕೊಟ್ಟು, ರೋಗದ ಏರಿಳಿತ ತೋರುವ ರಕ್ತದ ಪಿಎಸ್‌ಎ ಅಂಶ ಅರ್ಧಕ್ಕಿಳಿದೊಡನೆ ಔಷಧ ನಿಲ್ಲಿಸಿ, ಅದು ಮೊದಲಿನ ಮಟ್ಟಕ್ಕೇರಿದಾಗ ಮತ್ತೆ ಆರಂಭಿಸಿದರು. 2017ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿದ್ದವರು 11 ಮಂದಿ. ಬಳಸಿದ ಔಷಧ ರೂಢಿಯ ಪ್ರಮಾಣದ ಅರ್ಧಕ್ಕಿಂತ ಕಡಿಮೆ, ರೋಗ ಹತೋಟಿಯಲ್ಲಿದ್ದ ಅವಧಿ ರೂಢಿಯ ಚಿಕಿತ್ಸೆಗಿಂತ ಹೆಚ್ಚು. ಸಂಖ್ಯೆ ಸಣ್ಣದು, ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ಹಂಚಿ ಹೋಲಿಸಿದ ಪ್ರಯೋಗವೂ ಅದಲ್ಲ, ಹಾಗಾಗಿ ಅದನ್ನು ಭರವಸೆಯ ಆರಂಭವೆಂದಷ್ಟೇ ಹಿಡಿಯಬೇಕು. ಕಟೆರೀನಾ ಸ್ಟಾಂಕೋವಾ ಮತ್ತಿತರರು 2019ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ವೈದ್ಯ ಮೊದಲು ಕಾಯಿ ನಡೆಸುತ್ತಾನೆ, ಗಡ್ಡೆ ಆ ನಡೆಗೆ ಪ್ರತಿಕ್ರಿಯಿಸುವುದಷ್ಟೆ, ಮುಂದಿನದನ್ನು ಅದು ಯೋಚಿಸಲಾರದು. ರೋಗ ಉಲ್ಬಣಿಸುವವರೆಗೂ ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಕೊಡುತ್ತ ಹೋದರೆ ವೈದ್ಯ ತನಗಿರುವ ಈ ಮೇಲುಗೈಯನ್ನು ಬಿಟ್ಟುಕೊಟ್ಟಂತೆ ಎಂಬುದು ಅವರ ವಾದ.